ಪಾಠ ಮುಕ್ತವಂತೆ, ಬಾಗಿಲಲ್ಲಿ ಮಾತ್ರ ಇಂಗ್ಲಿಷ್ ಕಾವಲು!

ಬಿಟ್ಟಿ ಪಾಠ! ಯಾರು ಬೇಕಾದರೂ ಕಲಿಯಬಹುದು! ಶುಲ್ಕವಿಲ್ಲ, ವಯಸ್ಸು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ! ಇಪ್ಪತ್ತು ವರ್ಷಗಳಿಂದ ದೆಹಲಿಯ ದೊರೆಗಳು ಈ ಡಂಗುರ ಸಾರುತ್ತಲೇ ಇದ್ದಾರೆ. ಸಾರಲಿ, ನಮ್ಮದೇನೂ ತಕರಾರಿಲ್ಲ. ಆದರೆ ಡಂಗುರ ಯಾವ ಭಾಷೆಯಲ್ಲಿ ಸಾರುತ್ತಿದ್ದಾರೆ ಎಂಬುದನ್ನು ಒಮ್ಮೆ ಕಿವಿಗೊಟ್ಟು ಕೇಳಿ ಗೆಳೆಯರೇ.

ಪಾಠದ ಭಾಷೆಯ ಬಗ್ಗೆ ನಾವು ನೀವೆಲ್ಲ ಸಾಕಷ್ಟು ಗಂಟಲು ಹರಿದುಕೊಂಡಿದ್ದೇವೆ. ಗೋಕಾಕ್ ಚಳವಳಿಯ 1982ರಿಂದ ಹಿಡಿದು ಶಿಕ್ಷಣ ಮಾಧ್ಯಮದ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದ 2014ರವರೆಗೆ ಮತ್ತು ಆಮೇಲೂ ಅದೇ ಜಗಳ. ಇಂದು ಎತ್ತುತ್ತಿರುವುದು ಅದರ ಪಕ್ಕದಲ್ಲೇ ಇರುವ, ಯಾರ ಕಣ್ಣಿಗೂ ಬೀಳದ ಇನ್ನೊಂದು ಮಾತು. ಈ ಬಿಟ್ಟಿ ಪಾಠಗಳ ಜಾಲತಾಣಗಳನ್ನು ನಡೆಸುವವರಿಗೆ ಪಾಠ ಹೇಳುವವರು ಯಾರು? ಅದು ಯಾವ ಭಾಷೆಯಲ್ಲಿ ನಡೆಯುತ್ತದೆ? ಅಲ್ಲಿ ಕನ್ನಡಿಗನಿಗೆ ಬಾಯಿ ತೆರೆಯಲು ಜಾಗ ಇದೆಯೇ?

ಜಾಲತಾಣ ಎಂದರೆ ತಾನಾಗಿ ಹುಟ್ಟುವ ಅಣಬೆಯಲ್ಲ. ಉಪನ್ಯಾಸಕ ಕ್ಯಾಮೆರಾ ಎದುರು ಮಾತಾಡಿ ಮನೆಗೆ ಹೋಗುತ್ತಾನೆ. ಆಮೇಲೆ ಅದನ್ನು ಕತ್ತರಿಸುವವರು, ಅಡಿಬರಹ ಹಾಕುವವರು, ಪ್ರಶ್ನೆ ಜೋಡಿಸುವವರು, ಹಕ್ಕುಸ್ವಾಮ್ಯ ನೋಡುವವರು, ಹುಡುಗರ ಅನುಮಾನಕ್ಕೆ ಉತ್ತರ ಕೊಡುವವರು ಬೇಕು. ಅವರಿಗೆ ತರಬೇತಿ ಬೇಕು. ಅದಕ್ಕಾಗಿಯೇ ಇಂದು ವೆಬಿನಾರ್ ಎಂಬ ಆನ್‌ಲೈನ್ ವಿಚಾರಗೋಷ್ಠಿಗಳು ನಡೆಯುತ್ತವೆ. ಅಮೆರಿಕದ ಎಂಐಟಿ ತನ್ನ ಪಾಠಗಳನ್ನೆಲ್ಲ ಜಗತ್ತಿಗೆ ಬಿಟ್ಟುಕೊಡುತ್ತೇನೆಂದು ಘೋಷಿಸಿದ್ದು 2001ರಲ್ಲಿ. ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಹುಟ್ಟಿದ್ದು 2002ರಲ್ಲಿ, ಯುನೆಸ್ಕೋದ ಪ್ಯಾರಿಸ್ ಸಭೆಯಲ್ಲಿ. ಆಮೇಲೆ ಇಂಥ ತಾಣ ನಡೆಸುವ ವಿಶ್ವವಿದ್ಯಾಲಯಗಳೆಲ್ಲ ಸೇರಿ ಜಾಗತಿಕ ಒಕ್ಕೂಟ ಕಟ್ಟಿಕೊಂಡವು. 2012ರಿಂದ ಪ್ರತಿವರ್ಷ ‘ಮುಕ್ತ ಶಿಕ್ಷಣ ಸಪ್ತಾಹ’ ನಡೆಯುತ್ತದೆ. ತಾಣ ನಡೆಸುವವನು ಎಲ್ಲಿ ಎಡವಿದ, ಹೇಗೆ ಎದ್ದ ಎಂಬುದನ್ನು ಅಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಒಳ್ಳೆಯ ಕೆಲಸ.

ನಮ್ಮಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಎನ್‌ಪಿಟೆಲ್ ಆರಂಭಿಸಿದವು. 2017ರ ಜುಲೈ 9ರಂದು ‘ಸ್ವಯಂ’ ಬಂತು. ಅದೇ ವರ್ಷ ಶಾಲೆಗಳಿಗೆ ‘ದೀಕ್ಷಾ’ ಬಂತು. ಎನ್‌ಪಿಟೆಲ್‌ಗೆ ಊರೂರ ಕಾಲೇಜುಗಳಲ್ಲಿ ಸ್ಥಳೀಯ ಘಟಕಗಳಿವೆ, ಪ್ರತಿ ಘಟಕಕ್ಕೂ ಒಬ್ಬ ಅಧ್ಯಾಪಕ ಜವಾಬ್ದಾರ. ಅವರಿಗೆ ಕಾರ್ಯಾಗಾರ, ಆನ್‌ಲೈನ್ ಸಭೆ ಎಲ್ಲವೂ ಉಂಟು. ಹೆಸರುಗಳನ್ನು ನೋಡಿ: ಸ್ವಯಂ, ದೀಕ್ಷಾ, ನಿಷ್ಠಾ! ಸಂಸ್ಕೃತದ ಬೋರ್ಡು, ಒಳಗೆ ಇಂಗ್ಲಿಷ್ ಅಂಗಡಿ, ಗಲ್ಲಾಪೆಟ್ಟಿಗೆಯ ಮೇಲೆ ಹಿಂದಿ. ಕನ್ನಡ ಎಲ್ಲಿದೆ ಸ್ವಾಮಿ? ಇದೆ, ಇದೆ. ವಿಡಿಯೋದ ಕೆಳಗಡೆ, ಅಡಿಬರಹದಲ್ಲಿ!

ಶಿರಗುಪ್ಪಿಯ ಮಾಸ್ತರು ಕೇಳಿದ ನಾಲ್ಕು ಪ್ರಶ್ನೆ

ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿ ನಿಮಗೆ ಗೊತ್ತಿರಬಹುದು. ಎರೆಮಣ್ಣಿನ ಸೀಮೆ. ಹತ್ತಿ, ಮೆಣಸಿನಕಾಯಿ, ಕಡಲೆ, ಜೋಳ. ಮಳೆ ಬಂದರೆ ಹೊಲದ ದಾರಿಯಲ್ಲಿ ಚಪ್ಪಲಿ ಕಾಲಿಗಿಂತ ಭಾರ. ಆ ಕಡೆಯ ಹೈಸ್ಕೂಲ್ ಮಾಸ್ತರೊಬ್ಬರು ನಮಗೆ ಪರಿಚಿತರು. ನೌಕರಿಯಲ್ಲಿರುವವರು, ಹೆಸರು ಬೇಡ. ವಿಜ್ಞಾನ ಕಲಿಸುತ್ತಾರೆ. ತಮ್ಮ ಪಾಠದ ಟಿಪ್ಪಣಿ, ಮೊಬೈಲಿನಲ್ಲೇ ಹಿಡಿದ ಪ್ರಯೋಗದ ವಿಡಿಯೋ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಒಂದು ತಾಣದಲ್ಲಿ ಹಾಕಿ ಯಾವ ಊರಿನ ಹುಡುಗರು ಬೇಕಾದರೂ ಓದಿಕೊಳ್ಳಲಿ ಎಂದು ಆಸೆಪಟ್ಟವರು. ಆಸೆಗೆ ತಕ್ಕ ದಾರಿ ತಿಳಿಯಲೆಂದು, ಇಂಥ ತಾಣ ನಡೆಸುವವರಿಗಾಗಿಯೇ ಏರ್ಪಡಿಸಿದ್ದ ಒಂದು ಆನ್‌ಲೈನ್ ಗೋಷ್ಠಿಗೆ ಹೆಸರು ಕೊಟ್ಟರು.

“ಏನ್ ಹೇಳೂದ್ರಿ, ಎರಡು ತಾಸು ಕುಂತೆ. ಮನ್ಯಾಗ ತಂದಿಟ್ಟ ಚಹಾ ಆರಿ ಹೋತು. ಅವರ ಇಂಗ್ಲಿಷ್ ಓಡತಿತ್ತು, ನಾ ಹಿಂದಿಂದ ನಡಕೋತ ಹೊಂಟಿದ್ದೆ” ಎಂದರು. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ಮಾಸ್ತರು ಧೈರ್ಯ ಮಾಡಿ ಕನ್ನಡದಲ್ಲಿ ಬೆರಳಚ್ಚಿಸಿದರು. ‘ದಯವಿಟ್ಟು ಇಂಗ್ಲಿಷಿನಲ್ಲಿ ಕೇಳಿ’ ಎಂದು ಉತ್ತರ ಬಂತು. ಮಾಸ್ತರು ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಹೊಂದಿಸಿಕೊಳ್ಳುವಷ್ಟರಲ್ಲಿ ವಂದನಾರ್ಪಣೆ ಮುಗಿದಿತ್ತು! ಮರುದಿನ ಮಿಂಚಂಚೆಗೆ ಪ್ರಮಾಣಪತ್ರ ಬಂತು. ಬಣ್ಣದ ಅಂಚು, ಮೂರು ಸಹಿ. “ಯಶಸ್ವಿಯಾಗಿ ಭಾಗವಹಿಸಿದರು ಅಂತ ಬರದಾರ್ರೀ. ಎದರಾಗ ಯಶಸ್ವಿ ಅಂತ ಮಾತ್ರ ಬರದಿಲ್ಲ!”

ನಗು ಬಂತೇ? ನಮಗೆ ಸಿಟ್ಟು ಬಂತು. ಆ ಮಾಸ್ತರ ನಾಲ್ಕೂ ಪ್ರಶ್ನೆಗಳನ್ನು ಬರೆದುಕೊಂಡು ಬಂದೆವು. ಕನ್ನಡದಲ್ಲಿ ಉತ್ತರ ಹೇಳಲು ಎಷ್ಟು ಹೊತ್ತು ಬೇಕು, ನೀವೇ ನೋಡಿ.

ಮೊದಲನೆಯದು: “ನುಡಿಯೊಳಗ ಹತ್ತು ವರ್ಷದ ನೋಟ್ಸ್ ಹೊಡದಿಟ್ಟೀನ್ರಿ. ತಾಣಕ್ಕ ಹಾಕಿದ್ರ ಬರೇ ಇಂಗ್ಲಿಷ್ ಅಕ್ಷರ, ಅಡ್ಡಗೀಟು, ಕಸ ಬರತೈತಿ. ಯಾಕ?” ಉತ್ತರ: ಹಳೆಯ ನುಡಿ, ಹಳೆಯ ಬರಹ ಫಾಂಟುಗಳು ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಅಡಗಿಸಿಡುತ್ತಿದ್ದವು. ಫಾಂಟು ಹೋದರೆ ವೇಷ ಕಳಚುತ್ತದೆ. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆ ಇದೆ. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಬೇಕು. ಇದನ್ನು ಮಾಡದಿದ್ದರೆ ಪಾಠ ತಾಣದಲ್ಲಿದ್ದರೂ ಹುಡುಕುವವರಿಗೆ ಸಿಗುವುದಿಲ್ಲ. ಇಂಗ್ಲಿಷಿನವನಿಗೆ ಈ ಸಮಸ್ಯೆ ಕನಸಿನಲ್ಲೂ ಬರುವುದಿಲ್ಲ! ಆದ್ದರಿಂದಲೇ ಇಂಗ್ಲಿಷಿನ ಗೋಷ್ಠಿಯಲ್ಲಿ ಇದರ ಸುದ್ದಿಯೇ ಏಳುವುದಿಲ್ಲ.

ಎರಡನೆಯದು: “ಪಠ್ಯಪುಸ್ತಕದ ಚಿತ್ರ ಹಾಕಿದ್ರ ಕೇಸ್ ಬೀಳತೈತೇನ್ರಿ?” 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಕರು ಬೋಧನೆಗಾಗಿ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅದರ ಬಲದ ಮೇಲೆಯೇ 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ದೊಡ್ಡ ದೊಡ್ಡ ಪ್ರಕಾಶಕರ ವಿರುದ್ಧ ಹೈಕೋರ್ಟಿನಲ್ಲಿ ಗೆದ್ದದ್ದು. ಆದರೆ ತರಗತಿಯೊಳಗೆ ಹಂಚುವುದು ಬೇರೆ, ಜಗತ್ತಿಗೆಲ್ಲ ಕಾಣುವ ತಾಣಕ್ಕೆ ಏರಿಸುವುದು ಬೇರೆ. ಅಲ್ಲಿಗೆ ಸ್ವಂತ ಚಿತ್ರ ಬರೆಯಿರಿ, ಇಲ್ಲವೇ ಮುಕ್ತ ಪರವಾನಗಿಯ ಚಿತ್ರ ಹುಡುಕಿ.

ಮೂರನೆಯದು ಆ ಪರವಾನಗಿಯದ್ದೇ. ಕ್ರಿಯೇಟಿವ್ ಕಾಮನ್ಸ್ ಎಂದರೆ ಏನೋ ವಕೀಲರ ಮಂತ್ರ ಎಂದು ಹೆದರುತ್ತಾರೆ. ನಮ್ಮ ಮಾತಿನಲ್ಲಿ ಹೇಳಿದರೆ ಇಷ್ಟೇ: ಬರೆದವರ ಹೆಸರು ಹೇಳು, ಬಳಸು, ತಿದ್ದು, ಹಂಚು. ‘ಅದೇ ಷರತ್ತು’ ಎಂದಿದ್ದರೆ ನೀನು ತಿದ್ದಿದ್ದನ್ನೂ ಹಾಗೆಯೇ ಬಿಟ್ಟುಕೊಡು. ‘ವ್ಯಾಪಾರವಿಲ್ಲ’ ಎಂದಿದ್ದರೆ ಮಾರಬೇಡ. ಎಂಐಟಿಯ ಮುಕ್ತ ಪಾಠಗಳು ಈ ಎರಡೂ ಷರತ್ತಿನವು. ಅಂದರೆ ಏನಾಯಿತು? ಶಿರಗುಪ್ಪಿಯ ಮಾಸ್ತರು ನಾಳೆ ಬೆಳಿಗ್ಗೆ ಎಂಐಟಿಯ ಭೌತಶಾಸ್ತ್ರದ ಟಿಪ್ಪಣಿಯನ್ನು ಕನ್ನಡಕ್ಕೆ ತರಲು ಯಾರಪ್ಪನ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ! ಇದನ್ನು ಎಷ್ಟು ಕನ್ನಡ ಶಿಕ್ಷಕರಿಗೆ ಯಾರು ಹೇಳಿದ್ದಾರೆ?

ನಾಲ್ಕನೆಯದು ಅಡಿಬರಹದ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ‘ಕನ್ನಡಕ್ಕೆ ಅಡಿಬರಹ ಕೊಟ್ಟಿದ್ದೇವಲ್ಲ, ಇನ್ನೇನು ಬೇಕು’ ಎಂದು ನಮ್ಮ ಬಾಯಿ ಮುಚ್ಚಿಸುವುದೇ ಅಲ್ಲಿ. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ನಡುವೆ ಬರುತ್ತದೆ. ಕನ್ನಡದಲ್ಲಿ ಕೊನೆಗೆ. ಉಪನ್ಯಾಸಕನ ಉದ್ದ ವಾಕ್ಯವನ್ನು ಎರಡೆರಡು ಸೆಕೆಂಡಿನ ತುಂಡಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಬಿಡಿಬಿಡಿಯಾಗಿ ಕನ್ನಡಕ್ಕೆ ತಿರುಗಿಸಿದರೆ ಏನು ಬಂದೀತು? ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಅದರ ಮೇಲೆ ಯಂತ್ರಾನುವಾದ! ವಿದ್ಯುತ್ತಿನ ‘ಕರೆಂಟ್’ ‘ಪ್ರಸ್ತುತ’ವಾಗಿ, ಕಾಂತಕ್ಷೇತ್ರದ ‘ಫೀಲ್ಡ್’ ‘ಹೊಲ’ವಾಗಿ, ‘ಪವರ್’ ಎಂಬುದು ‘ಅಧಿಕಾರ’ವಾಗಿ ನಿಲ್ಲುವ ಅಪಾಯ ಸದಾ ಇದ್ದೇ ಇರುತ್ತದೆ. ಕಾಂತದ ಹೊಲದಲ್ಲಿ ಅಧಿಕಾರ ಹರಿಯುತ್ತದೆ ಎಂದು ಓದಿದ ಹುಡುಗ ‘ಕನ್ನಡದಲ್ಲಿ ವಿಜ್ಞಾನ ಆಗೋದಿಲ್ಲ’ ಎಂದು ತೀರ್ಮಾನಿಸಿದರೆ ತಪ್ಪು ಹುಡುಗನದ್ದೇ? ಕನ್ನಡದ್ದೇ? ವಾಕ್ಯವನ್ನು ಪೂರ್ತಿ ಅನುವಾದಿಸಿ ಆಮೇಲೆ ತುಂಡು ಮಾಡಬೇಕು, ಪ್ರತಿ ವಿಷಯಕ್ಕೂ ಶಿಕ್ಷಕರೇ ಒಪ್ಪಿದ ಪದಪಟ್ಟಿ ಇರಬೇಕು, ಕೊನೆಗೆ ವಿಷಯ ಬಲ್ಲ ಕನ್ನಡಿಗರೊಬ್ಬರು ಕೂತು ಓದಬೇಕು. ಆ ಕನ್ನಡಿಗರನ್ನು ಯಾವ ಗೋಷ್ಠಿಯಲ್ಲಿ ತಯಾರು ಮಾಡಿದ್ದೀರಿ?

ನೋಡಿದಿರಲ್ಲ, ನಾಲ್ಕು ಪ್ರಶ್ನೆಗೆ ನಾಲ್ಕು ಕಂಡಿಕೆ ಸಾಕಾಯಿತು. ಎರಡು ತಾಸಿನ ಇಂಗ್ಲಿಷ್ ಗೋಷ್ಠಿಯಲ್ಲಿ ಇವಕ್ಕೆ ಐದು ನಿಮಿಷ ಇರಲಿಲ್ಲ.

ಯಾರ ಹೊಟ್ಟೆಗೆ ಹೊಡೆತ?

‘ಮಾಸ್ತರೊಬ್ಬರಿಗೆ ಇಂಗ್ಲಿಷ್ ಬರಲಿಲ್ಲ, ಅದಕ್ಕಿಷ್ಟು ರಾದ್ಧಾಂತವೇ’ ಎನ್ನುವ ಬಾಲಬಡುಕರು ಇದ್ದಾರೆ. ಅವರಿಗೆ ಒಂದು ಲೆಕ್ಕ ಹೇಳುತ್ತೇವೆ. 2021ರ ಯುಜಿಸಿ ನಿಯಮದ ಪ್ರಕಾರ ಪದವಿ ವಿದ್ಯಾರ್ಥಿ ಒಂದು ಸೆಮಿಸ್ಟರಿನಲ್ಲಿ ಶೇಕಡಾ 40ರವರೆಗಿನ ವಿಷಯಗಳನ್ನು ‘ಸ್ವಯಂ’ನಲ್ಲಿ ಓದಿ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಶೇಕಡಾ ನಲವತ್ತು! ಐದರಲ್ಲಿ ಎರಡು ಪಾಲು! ಇಂಗ್ಲಿಷ್ ಬಲ್ಲ ಹುಡುಗ ಐಐಟಿ ಪ್ರೊಫೆಸರರ ಪಾಠ ಕೇಳಿ ಅಂಕಪಟ್ಟಿಯನ್ನು ಹಿಗ್ಗಿಸಿಕೊಳ್ಳುತ್ತಾನೆ. ಕುಂದಗೋಳದ, ನವಲಗುಂದದ, ಶಿರಗುಪ್ಪಿಯ ಕನ್ನಡ ಮಾಧ್ಯಮದ ಹುಡುಗಿ? ಅವಳಿಗೆ ‘ಮುಕ್ತ’ ಎಂಬ ಪದ ಮಾತ್ರ ಮುಕ್ತ. ಅವಳ ಭಾಷೆಯಲ್ಲಿ ಪಾಠ ಕಟ್ಟಬಲ್ಲ ಶಿಕ್ಷಕರನ್ನು ಗೋಷ್ಠಿಯ ಹೊಸ್ತಿಲಲ್ಲೇ ತಡೆದರೆ ಅವಳ ಪಾಠ ಎಲ್ಲಿಂದ ಹುಟ್ಟೀತು? ಬಾವಿ ತೋಡುವವನ ಕೈಯಿಂದ ಗುದ್ದಲಿ ಕಸಿದುಕೊಂಡು, ನೀರು ಎಲ್ಲರಿಗೂ ಬಿಟ್ಟಿ ಎಂದು ಹಲಗೆ ಬರೆಸಿದ ಹಾಗಾಯಿತು.

ದೆಹಲಿಯವರು ಒಪ್ಪಿದ ಮಾತು ದೆಹಲಿಯವರಿಗೇ ನೆನಪಿಲ್ಲ. 2019ರ ನವೆಂಬರಿನಲ್ಲಿ ಯುನೆಸ್ಕೋದ ಮಹಾಸಭೆ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಬಗ್ಗೆ ಶಿಫಾರಸನ್ನು ಒಮ್ಮತದಿಂದ ಅಂಗೀಕರಿಸಿತು. ಭಾರತವೂ ಅದರ ಸದಸ್ಯ ರಾಷ್ಟ್ರ. ಐದು ಕಾರ್ಯಕ್ಷೇತ್ರಗಳಲ್ಲಿ ಮೊಟ್ಟಮೊದಲನೆಯದೇ ಸಾಮರ್ಥ್ಯ ಬೆಳೆಸುವುದು. ಇಂಥ ಪಾಠಗಳನ್ನು ಮಾಡುವ, ಬಳಸುವ, ತಿದ್ದುವ, ಹಂಚುವ ಜನರ ಸಾಮರ್ಥ್ಯ. ಸ್ಥಳೀಯ ಭಾಷೆಗಳ ಮಾತೂ ಅದರಲ್ಲಿದೆ. ಮರುವರ್ಷ ಬಂದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಮಾತೃಭಾಷೆಯ ಭಜನೆಯನ್ನೇ ಮಾಡುತ್ತದೆ. ಭಜನೆ ಮುಗಿದ ಮೇಲೆ ಪ್ರಸಾದ ಮಾತ್ರ ಹಿಂದಿ, ಇಂಗ್ಲಿಷಿನವರಿಗೆ!

ಇದು ನಮಗೆ ಹೊಸ ಜಗಳವೇನಲ್ಲ

ಧಾರವಾಡದ ನೆಲದಲ್ಲಿ ನಿಂತು ಈ ಮಾತು ಆಡುವಾಗ ಒಂದು ಹೆಸರು ನೆನೆಯದೆ ಮುಂದೆ ಹೋಗಲಾಗದು. ಡೆಪ್ಯೂಟಿ ಚನ್ನಬಸಪ್ಪನವರು, 1834ರಿಂದ 1881. ಅಂದು ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಮರಾಠಿಯ ದರ್ಬಾರು. ಕನ್ನಡದ ಮಕ್ಕಳು ಮರಾಠಿ ಪಾಠ ಗಿಳಿಪಾಠ ಮಾಡುತ್ತಿದ್ದ ಕಾಲ. ಚನ್ನಬಸಪ್ಪನವರು ಬರೀ ಭಾಷಣ ಬಿಗಿಯಲಿಲ್ಲ. ಧಾರವಾಡದ ನಾರ್ಮಲ್ ಶಾಲೆಯನ್ನು ಹಿಡಿದರು. ನಾರ್ಮಲ್ ಶಾಲೆ ಎಂದರೇನು? ಕಲಿಸುವವರಿಗೆ ಕಲಿಸುವ ಶಾಲೆ! ಮಕ್ಕಳ ಶಾಲೆ ಕನ್ನಡವಾಗಬೇಕಾದರೆ ಮೊದಲು ಮಾಸ್ತರರ ಶಾಲೆ ಕನ್ನಡವಾಗಬೇಕು ಎಂಬುದು ಆ ಮಹಾನುಭಾವರಿಗೆ ಗೊತ್ತಿತ್ತು. 1860ರ ದಶಕದಲ್ಲೇ ಈ ಭಾಗದ ಶಿಕ್ಷಕರಿಗಾಗಿ ‘ಮಠಪತ್ರಿಕೆ’ ಎಂಬ ಕನ್ನಡ ಪತ್ರಿಕೆ ಹೊರಡುತ್ತಿತ್ತು. ಮಾಸ್ತರರು ಹೇಗೆ ಕಲಿಸಬೇಕು ಎಂಬುದನ್ನು ಮಾಸ್ತರರ ಭಾಷೆಯಲ್ಲಿ ಹೇಳುವ ಪತ್ರಿಕೆ. ಇವತ್ತಿನ ವೆಬಿನಾರ್ ಮಾಡಬೇಕಾದ ಕೆಲಸವನ್ನು ಮೊಳೆ ಜೋಡಿಸಿ, ಅಂಚೆಯಲ್ಲಿ ಕಳಿಸಿ ಮಾಡಿದ್ದರು. ನೂರೈವತ್ತು ವರ್ಷ ದಾಟಿ ನಾವು ಹಿಂದಕ್ಕೆ ಬಂದೆವೇ?

1890ರ ಜುಲೈ 20ರಂದು ಇಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1911ರಲ್ಲಿ ಬಿ.ಎಂ.ಶ್ರೀಯವರು ಅದೇ ಸಂಘಕ್ಕೆ ಬಂದು ‘ಕನ್ನಡ ಮಾತು ತಲೆ ಎತ್ತುವ ಬಗೆ’ಯ ಬಗ್ಗೆ ಮಾತಾಡಿದರು. ಮುಂದೆ ಮೈಸೂರು ವಿಶ್ವವಿದ್ಯಾಲಯವೂ ಕರ್ನಾಟಕ ವಿಶ್ವವಿದ್ಯಾಲಯವೂ ಪ್ರೊಫೆಸರುಗಳನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಮಾಡಿಸಿ, ಆ ಉಪನ್ಯಾಸಗಳನ್ನು ಸಣ್ಣ ಬೆಲೆಯ ಪುಸ್ತಿಕೆಗಳಾಗಿ ಅಚ್ಚು ಹಾಕಿದವು. ಧಾರವಾಡದ ಪ್ರಸಾರಾಂಗದ ‘ಉಪನ್ಯಾಸ ಗ್ರಂಥಮಾಲೆ’ಯ ತೆಳ್ಳಗಿನ ಪುಸ್ತಿಕೆಗಳನ್ನು ನಿಮ್ಮ ಮನೆಯ ಹಿರಿಯರ ಕಪಾಟಿನಲ್ಲಿ ಹುಡುಕಿ. ಖಗೋಳ, ಆರೋಗ್ಯ, ಅರ್ಥಶಾಸ್ತ್ರ, ಇತಿಹಾಸ, ಎಲ್ಲವನ್ನೂ ಎಂಟಾಣೆ ಒಂದು ರೂಪಾಯಿಯ ಕಾಲದಲ್ಲಿ ಸಂತೆಗೆ ಬಂದವನ ಕೈಗೆ ಎಟುಕಿಸಿದ್ದರು. ಎಂಐಟಿ ಕಣ್ಣು ಬಿಡುವ ಮೊದಲೇ ನಮ್ಮವರು ಮುಕ್ತ ಪಾಠ ನಡೆಸಿದ್ದರು ಸ್ವಾಮಿ! ಆ ಪುಸ್ತಿಕೆಗಳನ್ನು ಸ್ಕ್ಯಾನ್ ಮಾಡಿ, ಯೂನಿಕೋಡಿಗೆ ಇಳಿಸಿ, ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರೆ ಒಂದೇ ವರ್ಷದಲ್ಲಿ ಕನ್ನಡದ ಮುಕ್ತ ಪಾಠಶಾಲೆಗೆ ಅಡಿಪಾಯ ಸಿದ್ಧ.

ಆಗದ ಮಾತಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಡಲು ಒಪ್ಪಿತು. ಅದೇ ವರ್ಷ ನಿರಂಜನರ ಕುಟುಂಬದವರು ಅವರ ಪುಸ್ತಕಗಳನ್ನು ಹಾಗೆಯೇ ಬಿಟ್ಟುಕೊಟ್ಟರು. ದೊಡ್ಡ ಮನಸ್ಸು ಎಂದರೆ ಅದು.

ಶಾಲಾ ಮಟ್ಟದಲ್ಲಂತೂ ನಮ್ಮದೇ ಉದಾಹರಣೆ ಕಣ್ಣೆದುರಿಗಿದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಅಂದರೆ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ 2013ರ ಹೊತ್ತಿಗೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ತಾಣ ಕಟ್ಟಿತು. ವಿಕಿಪೀಡಿಯ ಬಳಸುವ ತಂತ್ರಾಂಶದ ಮೇಲೆಯೇ ಕಟ್ಟಿದ್ದು. ಅದರ ಹೆಚ್ಚುಗಾರಿಕೆ ಏನೆಂದರೆ ಪಾಠವನ್ನು ದೆಹಲಿಯಲ್ಲಿ ಬೇಯಿಸಿ ಡಬ್ಬಿಯಲ್ಲಿ ಕಳಿಸಲಿಲ್ಲ. ಸರ್ಕಾರಿ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರೇ ಕಂಪ್ಯೂಟರ್ ಮುಂದೆ ಕೂತು, ಕನ್ನಡದಲ್ಲಿ ಬೆರಳಚ್ಚು ಕಲಿತು, ತಾವೇ ಪುಟ ಬರೆದರು. ವಿಷಯ ಶಿಕ್ಷಕರ ವೇದಿಕೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಟ್ಟರು. ಪಡೆಯುವವರು ಕೊಡುವವರಾದರು. ಇದನ್ನು ನೂರ್ಮಡಿ ಬೆಳೆಸಬೇಕಾಗಿತ್ತು. ಬದಲಿಗೆ ಬಂದದ್ದೇನು? ಕೇಂದ್ರದಲ್ಲಿ ತಯಾರಾದ ಮಾಡ್ಯೂಲು, ಅದರ ಅನುವಾದ, ಒತ್ತಬೇಕಾದ ಗುಂಡಿ, ಮುಗಿಸಬೇಕಾದ ಗುರಿ, ಇಳಿಸಿಕೊಳ್ಳಬೇಕಾದ ಪ್ರಮಾಣಪತ್ರ. ಬರೆಯುವ ಮಾಸ್ತರರನ್ನು ಬೆರಳೊತ್ತುವ ಮಾಸ್ತರರನ್ನಾಗಿ ಮಾಡಿದ ಸಾಧನೆಗೆ ಯಾರಿಗೆ ಪ್ರಶಸ್ತಿ ಕೊಡೋಣ?

ಬರಲಿ ನೆಪಗಳು, ಒಂದೊಂದೇ

‘ಭಾಗವಹಿಸುವವರು ದೇಶದ ಎಲ್ಲ ಕಡೆಯವರು, ಸಾಮಾನ್ಯ ಭಾಷೆ ಬೇಕಲ್ಲ.’ ಬೇಕು, ಒಪ್ಪಿದೆವು. ಅಖಿಲ ಭಾರತದ ಗೋಷ್ಠಿಯನ್ನು ಬೇಕಾದ ಭಾಷೆಯಲ್ಲಿ ನಡೆಸಿ. ಆದರೆ ಅದೇ ವಿಷಯವನ್ನು ಮರುವಾರ ಕರ್ನಾಟಕದವರಿಗೆ ಕನ್ನಡದಲ್ಲಿ ಹೇಳಲು ಏನು ದಾಡಿ? ಆನ್‌ಲೈನ್ ಗೋಷ್ಠಿಗೆ ಸಭಾಂಗಣದ ಬಾಡಿಗೆ ಇಲ್ಲ, ಪ್ರಯಾಣ ಭತ್ಯೆ ಇಲ್ಲ, ಊಟದ ಖರ್ಚಿಲ್ಲ, ಹಾರ ತುರಾಯಿ ಸಹ ಇಲ್ಲ. ಬೇಕಾದದ್ದು ಒಬ್ಬ ಕನ್ನಡ ಬಲ್ಲ ತಜ್ಞ. ‘ಸ್ವಯಂ’ನ ಒಂಬತ್ತು ರಾಷ್ಟ್ರೀಯ ಸಂಯೋಜಕ ಸಂಸ್ಥೆಗಳಲ್ಲಿ ಒಂದಾದ ಐಐಎಂ ಇರುವುದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ. ಎನ್‌ಪಿಟೆಲ್ ಕಟ್ಟಿದವರಲ್ಲಿ ಒಂದಾದ ವಿಜ್ಞಾನ ಸಂಸ್ಥೆ ಇರುವುದು ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ. ಕನ್ನಡ ನೆಲದ ಮೇಲೆ ಕೂತವರಿಗೆ ತಿಂಗಳಿಗೆ ಒಂದು ತಾಸು ಕನ್ನಡ ಭಾರವೇ?

‘ಕನ್ನಡದಲ್ಲಿ ಪದಗಳಿಲ್ಲ.’ ಈ ಹಳಸಲು ಮಾತಿಗೆ ಉತ್ತರ ಕೊಡುವುದೇ ಬೇಸರ. ರೇಡಿಯೋ, ಬಸ್ಸು, ಮೊಬೈಲನ್ನು ಕನ್ನಡ ನುಂಗಿ ಅರಗಿಸಿಕೊಂಡಿಲ್ಲವೇ? ಸರ್ವರ್, ಲೈಸೆನ್ಸ್, ಅಪ್‌ಲೋಡ್ ಎಂದೇ ಹೇಳಿ, ನಮಗೆ ಮಡಿ ಇಲ್ಲ. ವಾಕ್ಯ ಕನ್ನಡದ್ದಾಗಿರಲಿ.

‘ಇಂಗ್ಲಿಷ್ ಕಲಿತರೆ ಎಲ್ಲ ಸರಿಹೋಗುತ್ತದೆ.’ ಕಲಿಯುತ್ತಾರೆ, ಕಲಿಯಲಿ. ನಾವು ಇಂಗ್ಲಿಷಿನ ವೈರಿಗಳಲ್ಲ, ಎಂಐಟಿಯ ಪಾಠ ಓದಿ ಎಂದು ಮೇಲೆ ನಾವೇ ಹೇಳಿದ್ದೇವೆ. ಆದರೆ ತೈವಾನಿನ ಕಡೆ ಸ್ವಲ್ಪ ನೋಡಿ. ಲೂಸಿಫರ್ ಚು ಎಂಬ ಅನುವಾದಕ ‘ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯನ್ನು ಚೀನೀ ಭಾಷೆಗೆ ತಂದು ಕೈತುಂಬ ಗೌರವಧನ ಪಡೆದ. ಆ ಹಣದಿಂದ ಬಂಗಲೆ ಕಟ್ಟಿಸಲಿಲ್ಲ. 2004ರಲ್ಲಿ ಎಂಐಟಿಯ ಮುಕ್ತ ಪಾಠಗಳನ್ನು ಚೀನೀ ಭಾಷೆಗೆ ತರುವ ಕೆಲಸಕ್ಕೆ ಸುರಿದ. ಸ್ವಯಂಸೇವಕರ ಪಡೆ ಕಟ್ಟಿದ. ಸರ್ಕಾರದ ಸುತ್ತೋಲೆಗೆ ಕಾಯಲಿಲ್ಲ. ಕೋಟಿಗಟ್ಟಲೆ ಜನ ಆಡುವ, ಸಾವಿರಾರು ಸಾಫ್ಟ್‌ವೇರ್ ಎಂಜಿನಿಯರುಗಳಿರುವ ಕನ್ನಡಕ್ಕೆ ಅಂಥ ಒಬ್ಬ ಗಂಡು, ಅಂಥ ಒಬ್ಬ ಹೆಣ್ಣು ಸಿಗುವುದಿಲ್ಲವೇ?

ಇಲ್ಲಿ ನಮ್ಮವರ ಕಿವಿಯನ್ನೂ ಸ್ವಲ್ಪ ಹಿಂಡಬೇಕು. ಬೋರ್ಡಿನ ಹೋರಾಟ ಮಾಡಿದೆವು, 2024ರಲ್ಲಿ ಶೇಕಡಾ 60ರಷ್ಟು ಕನ್ನಡ ಎಂಬ ತಿದ್ದುಪಡಿ ಕಾಯ್ದೆಯೂ ಬಂತು. ಅದು ಬೇಕಾಗಿತ್ತು, ಅದಕ್ಕೆ ಹೆಮ್ಮೆಯಿದೆ. ಆದರೆ ಏಣಿ ಹತ್ತಿ ಮಸಿ ಬಳಿದ ಹುಡುಗ ರಾತ್ರಿ ಮನೆಗೆ ಹೋಗಿ ಮೊಬೈಲ್ ತೆಗೆದರೆ ಒಳಗಿನ ಪಾಠಶಾಲೆಯ ಬೋರ್ಡು ನೂರಕ್ಕೆ ನೂರು ಇಂಗ್ಲಿಷ್. ಅದಕ್ಕೆ ಮಸಿ ಬಳಿಯಲಾಗುವುದಿಲ್ಲ ತಮ್ಮಾ. ಅಲ್ಲಿ ಕೂತು ಬರೆಯಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಕೂತ ಕನ್ನಡದ ಹುಡುಗ ಹುಡುಗಿಯರಿಗೆ ರಾಜ್ಯೋತ್ಸವದ ದಿನ ಹಳದಿ ಕೆಂಪು ಶಾಲು ಹೊದ್ದು ಫೋಟೋ ಹಾಕುವುದು ಗೊತ್ತು. ಒಂದು ಶನಿವಾರ ಸರ್ಕಾರಿ ಶಾಲೆಯ ಮಾಸ್ತರರಿಗೆ ವಿಡಿಯೋದ ಗಾತ್ರ ಇಳಿಸುವುದು ಹೇಗೆ, ನೆಟ್‌ವರ್ಕ್ ಇಲ್ಲದ ಊರಿನ ಹುಡುಗರಿಗೆ ಧ್ವನಿ ಮಾತ್ರ ಕಳಿಸುವುದು ಹೇಗೆ ಎಂದು ಕನ್ನಡದಲ್ಲಿ ಹೇಳಿಕೊಟ್ಟವರು ಎಷ್ಟು ಜನ? ಬೆರಳೆಣಿಕೆಯಷ್ಟು ಜನ ಇದ್ದಾರೆ, ಅವರಿಗೆ ಕೈಮುಗಿಯುತ್ತೇವೆ. ಉಳಿದವರೆಲ್ಲಿ?

ಪ್ಲಾಟ್‌ಫಾರ್ಮ್ ಉದ್ದವಾಯಿತು, ಕನ್ನಡ ಎಲ್ಲಿ ನಿಲ್ಲಬೇಕು?

2023ರ ಮಾರ್ಚ್ 12ರಂದು ಪ್ರಧಾನಿಗಳು ಧಾರವಾಡಕ್ಕೆ ಬಂದು ಐಐಟಿಯ ಹೊಸ ಆವರಣವನ್ನು ಉದ್ಘಾಟಿಸಿದರು. ಅದೇ ದಿನ ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಕೂಡ ಲೋಕಾರ್ಪಣೆಯಾಯಿತು. ಜಗತ್ತಿನಲ್ಲೇ ಉದ್ದದ್ದು ಎಂದು ಎದೆಯುಬ್ಬಿಸಿದೆವು. ಈ ಆನ್‌ಲೈನ್ ಪಾಠಶಾಲೆಗಳನ್ನೂ ಪ್ಲಾಟ್‌ಫಾರ್ಮ್ ಎಂದೇ ಕರೆಯುತ್ತಾರೆ ನೋಡಿ. ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಊರಿನಲ್ಲಿ ಕನ್ನಡದ ಮಾಸ್ತರರಿಗೆ ನಿಲ್ಲಲು ಒಂದು ಗೇಣು ಜಾಗ ಇಲ್ಲ!

ಐಐಟಿ ಇದೆ, ಐಐಐಟಿ ಇದೆ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಕರ್ನಾಟಕ ವಿಶ್ವವಿದ್ಯಾಲಯ ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, ಶಿಕ್ಷಕರ ತರಬೇತಿಗೆ ಡಯಟ್ ಇದೆ. ಇಷ್ಟು ಸಂಸ್ಥೆಗಳು ಇಪ್ಪತ್ತೈದು ಕಿಲೋಮೀಟರ್ ಸುತ್ತಳತೆಯಲ್ಲಿ ಕೂತಿರುವ ಇನ್ನೊಂದು ಜಾಗ ಉತ್ತರ ಕರ್ನಾಟಕದಲ್ಲಿ ಇಲ್ಲ. ಇವರೆಲ್ಲ ಸೇರಿ ಒಂದು ಕೆಲಸ ಮಾಡಲಿ. ಪ್ರಾಥಮಿಕ ಶಾಲೆಗಳು ಶನಿವಾರ ಬೆಳಿಗ್ಗೆಯೇ ಮುಗಿಯುತ್ತವೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಮುಕ್ತ ಪಾಠದ ತಾಣ ನಡೆಸುವವರಿಗೆ, ನಡೆಸಬೇಕೆನ್ನುವವರಿಗೆ ಕನ್ನಡದಲ್ಲೇ ಆನ್‌ಲೈನ್ ಗೋಷ್ಠಿ. ಅರ್ಧ ತಾಸು ಹೇಳುವವರದು, ಒಂದು ತಾಸು ಕೇಳುವವರದು. ಪ್ರಶ್ನೆ ಕನ್ನಡದಲ್ಲಿ, ಹುಬ್ಬಳ್ಳಿ ಕನ್ನಡವಾದರೂ ಸರಿ, ಕಲಬುರ್ಗಿ ಕನ್ನಡವಾದರೂ ಸರಿ. ಧ್ವನಿಮುದ್ರಿಕೆಯನ್ನೂ ಯೂನಿಕೋಡಿನ ಬರಹರೂಪವನ್ನೂ ಮುಕ್ತ ಪರವಾನಗಿಯಲ್ಲಿ ಇಡಬೇಕು, ಬರಲಾಗದವರು ಆಮೇಲೆ ಓದಿಕೊಳ್ಳಲಿ. ಕಾಸರಗೋಡಿನ, ಸೊಲ್ಲಾಪುರದ, ಜತ್ತದ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಮಾಸ್ತರರನ್ನೂ ಕರೆಯಬೇಕು. ಅವರ ರಾಜ್ಯದ ತರಬೇತಿ ಮಲಯಾಳದಲ್ಲಿ, ಮರಾಠಿಯಲ್ಲಿ ನಡೆಯುವಾಗ ಅವರು ಎಲ್ಲಿಗೆ ಹೋಗಬೇಕು? ಇನ್ನು ಪ್ರಮಾಣಪತ್ರ ಬೇಡವೇ ಬೇಡ. ಯಾರು ಒಂದು ಪಾಠವನ್ನು ತಾಣಕ್ಕೆ ಏರಿಸಿ ತೋರಿಸುತ್ತಾರೋ ಅವರ ಹೆಸರು ಪಾಠದ ಕೆಳಗೆ ಇರಲಿ, ಅದೇ ಪ್ರಮಾಣಪತ್ರ.

ಇದು ಕೋಟಿಯ ಯೋಜನೆಯಲ್ಲ. ಟೆಂಡರ್ ಕರೆಯಬೇಕಾಗಿಲ್ಲ. ಬಹುಶಃ ಅದಕ್ಕೇ ಯಾರಿಗೂ ಉತ್ಸಾಹವಿಲ್ಲ!

ಓದುಗ ಗೆಳೆಯರೇ, ಈ ವಾರ ಒಂದು ಕೆಲಸ ಮಾಡಿ. ನೀವು ಓದಿದ ಅಥವಾ ಓದುತ್ತಿರುವ ಕಾಲೇಜಿನ ಪ್ರಾಚಾರ್ಯರಿಗೆ, ಮೇಲೆ ಹೇಳಿದ ಸಂಸ್ಥೆಗಳ ಕುಲಪತಿ ಮತ್ತು ನಿರ್ದೇಶಕರಿಗೆ, ಡಿಎಸ್‌ಇಆರ್‌ಟಿಯ ನಿರ್ದೇಶಕರಿಗೆ ಕನ್ನಡದಲ್ಲಿ ಒಂದು ಕಾಗದ ಬರೆಯಿರಿ. ಮೂರೇ ಪ್ರಶ್ನೆ ಸಾಕು. ಕಳೆದ ವರ್ಷ ಆನ್‌ಲೈನ್ ಪಾಠ ನಡೆಸುವವರಿಗಾಗಿ ಎಷ್ಟು ಗೋಷ್ಠಿ ಮಾಡಿದಿರಿ? ಅದರಲ್ಲಿ ಕನ್ನಡದಲ್ಲಿ ನಡೆದದ್ದು ಎಷ್ಟು? ಮೊದಲ ಕನ್ನಡ ಗೋಷ್ಠಿ ಯಾವ ಶನಿವಾರ? ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಯಾದರೆ ಮೊದಲೆರಡು ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿಯಲ್ಲೇ ಕೇಳಿ, ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಕಾಗದದ ಪ್ರತಿಯನ್ನು ನಮ್ಮ ಕಚೇರಿಗೂ ಕಳಿಸಿ. ಉತ್ತರ ಬಂದರೆ ಬಂದ ಹಾಗೆಯೇ ಅಚ್ಚು ಹಾಕುತ್ತೇವೆ. ಬಾರದಿದ್ದರೆ, ಯಾರಿಂದ ಬಂದಿಲ್ಲ ಎಂಬ ಪಟ್ಟಿಯನ್ನು ಮುಖಪುಟದಲ್ಲೇ ಹಾಕುತ್ತೇವೆ.